ಪ್ರಸಾದದ ಪಾತ್ರೆಯೂ ಪರಿಹಾರದ ಹಕ್ಕೂ

2022ರ ಜನವರಿ 1ರಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಬೀರಗಾನಹಳ್ಳಿಯಲ್ಲಿ, ಹೊಸ ವರ್ಷದ ಪ್ರಯುಕ್ತ ಗಂಗಮ್ಮ ದೇವಾಲಯದಲ್ಲಿ ಪ್ರಸಾದ ವಿನಿಯೋಗವಾಯಿತು. ಅದನ್ನು ಸ್ವೀಕರಿಸಿದವರಲ್ಲಿ ಸುಮಾರು ಐವತ್ತು ಮಂದಿ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಅದಕ್ಕೆ ಮೂರು ವರ್ಷ ಮೊದಲು, 2019ರ ಜನವರಿಯಲ್ಲಿ, 2007ರವರೆಗೂ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿಯಲ್ಲಿ ಪ್ರಸಾದದಿಂದಲೇ ಪ್ರಾಣಹಾನಿಯಾಗಿತ್ತು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಬೆರೆತು 17 ಮಂದಿ ಮೃತಪಟ್ಟರು.

ದ್ವೇಷದಿಂದ ವಿಷವಿಕ್ಕುವುದು ಬೇರೆ, ಅಜಾಗರೂಕತೆಯಿಂದ ಅನ್ನ ಕೆಡುವುದು ಬೇರೆ. ಆದರೆ ಉಂಡು ಮಲಗಿದವನ ಮನೆಯವರು ಕೇಳುವ ಪ್ರಶ್ನೆ ಒಂದೇ: ತಪ್ಪು ಮಾಡಿದವನಿಗೆ ಶಿಕ್ಷೆಯಾದರೆ ಸಾಕೆ, ನೊಂದವನಿಗೆ ದೊರೆಯಬೇಕಾದುದೇನು? ಈ ಎರಡನೆಯ ಪ್ರಶ್ನೆಗೆ ನಮ್ಮ ದೇಶದ ಕಾನೂನು ಉತ್ತರ ಕೊಡಲು ಬಹುಕಾಲ ಹಿಡಿಯಿತು.

ಕಲಬೆರಕೆಯು ದೋಷವೆಂಬ ಅರಿವು ಹೊಸದಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ, ತೂಕ ಅಳತೆಗಳ ಮೋಸದೊಡನೆ ‘ಪ್ರತಿರೂಪಕ ವ್ಯವಹಾರ’ವನ್ನೂ ಸೇರಿಸಿದ್ದಾರೆ, ಒಳ್ಳೆಯ ವಸ್ತುವಿನಲ್ಲಿ ಅದರಂತೆಯೇ ತೋರುವ ಕೀಳು ವಸ್ತುವನ್ನು ಬೆರೆಸಿ ಮಾರುವುದೆಂದು ಅದರ ಭಾವ. ಬೆರಕೆ ಮಾಡುವವನು ಕಳ್ಳನ ಸಾಲಿಗೇ ಸೇರುತ್ತಾನೆಂಬುದು ಶ್ರಾವಕ ವರ್ತಕನು ಮರೆಯಬಾರದ ಮಾತು. ಕೌಟಿಲ್ಯನ ಅರ್ಥಶಾಸ್ತ್ರವೂ ಧಾನ್ಯ, ಎಣ್ಣೆ, ಉಪ್ಪು, ಔಷಧಗಳಲ್ಲಿ ಸಮಾನವರ್ಣದ ವಸ್ತುವನ್ನು ಬೆರೆಸಿದವನಿಗೆ ಹನ್ನೆರಡು ಪಣ ದಂಡ ವಿಧಿಸಿದೆ. 1860ರ ಭಾರತೀಯ ದಂಡಸಂಹಿತೆಯು 272 ಮತ್ತು 273ನೆಯ ಕಲಮುಗಳಲ್ಲಿ ಆರು ತಿಂಗಳ ಸೆರೆ ಅಥವಾ ಸಾವಿರ ರೂಪಾಯಿ ದಂಡವನ್ನು ಇಟ್ಟಿತು. 1955ರ ಜೂನ್ 1ರಿಂದ ಜಾರಿಯಾದ ಆಹಾರ ಕಲಬೆರಕೆ ತಡೆ ಅಧಿನಿಯಮವು ಶಿಕ್ಷೆಯನ್ನು ಕಠಿಣಗೊಳಿಸಿತು. ಆದರೆ ಇವೆಲ್ಲವುಗಳ ಮುಖ್ಯ ದೃಷ್ಟಿ ಅಪರಾಧಿಯ ಕಡೆಗಿತ್ತು. ದಂಡದ ಹಣ ಬೊಕ್ಕಸಕ್ಕೆ ಸೇರುತ್ತಿತ್ತು. ಔಷಧದ ಖರ್ಚು ರೋಗಿಯ ಮನೆಯ ಮೇಲೆಯೇ ಉಳಿಯುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು 2011ರ ಆಗಸ್ಟ್ 5ರಿಂದ ಜಾರಿಗೆ ಬಂದ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ. ಅದರ 65ನೆಯ ಕಲಮಿನಂತೆ ಆಹಾರದಿಂದ ಮರಣ ಸಂಭವಿಸಿದರೆ ಪರಿಹಾರವು 5 ಲಕ್ಷ ರೂಪಾಯಿಗೆ ಕಡಿಮೆಯಿರಬಾರದು; ತೀವ್ರ ಹಾನಿಗೆ 3 ಲಕ್ಷದವರೆಗೆ, ಇತರ ಹಾನಿಗೆ 1 ಲಕ್ಷದವರೆಗೆ ಕೊಡಿಸಬಹುದು. 28ನೆಯ ಕಲಮಿನಂತೆ, ತಾನು ಹೊರಗೆ ಕಳುಹಿಸಿದ ಆಹಾರ ನಿಯಮಕ್ಕೆ ಅನುಗುಣವಾಗಿಲ್ಲವೆಂದು ನಂಬಲು ಕಾರಣವಿದ್ದರೆ, ಉದ್ಯಮಿಯು ಅದನ್ನು ತಕ್ಷಣ ಹಿಂದಕ್ಕೆ ಪಡೆಯಬೇಕು, ಅಧಿಕಾರಿಗಳಿಗೂ ತಿಳಿಸಬೇಕು. ದೇವಾಲಯ ಟ್ರಸ್ಟುಗಳು ಗಮನಿಸಬೇಕಾದ ಅಂಶವೆಂದರೆ, ‘ಆಹಾರ ಉದ್ಯಮ’ವೆಂಬ ಪದವನ್ನು ವಿವರಿಸುವಾಗ ಈ ಕಾನೂನು ಲಾಭವಿರಲಿ ಇಲ್ಲದಿರಲಿ ಎಂದೇ ಹೇಳಿದೆ, ಪರಿಹಾರದ ಕಲಮು ಮಾರಿದವನೊಂದಿಗೆ ‘ವಿತರಿಸಿದವನ’ನ್ನೂ ಹೆಸರಿಸಿದೆ. ಧರ್ಮಾರ್ಥ ಬಡಿಸಿದೆವೆಂಬ ಒಂದೇ ಮಾತಿನಿಂದ ಹೊಣೆ ಕಳೆಯುವುದಿಲ್ಲ.

ಹಕ್ಕು ಗ್ರಂಥದಲ್ಲಿದ್ದರೆ ಸಾಲದು, ಅದಕ್ಕೆ ಸಾಕ್ಷ್ಯ ಬೇಕು. 2015ರ ಜೂನ್ 5ರಂದು, ಸೀಸದ ಅಂಶ ಮಿತಿಮೀರಿದೆಯೆಂಬ ವರದಿಗಳ ಮೇಲೆ, ಮ್ಯಾಗಿ ನೂಡಲ್ಸನ್ನು ದೇಶದಾದ್ಯಂತ ಹಿಂಪಡೆಯಲು ಆಜ್ಞೆಯಾಯಿತು. ಆಗಸ್ಟ್ 13ರಂದು ಬೊಂಬಾಯಿ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. ಕಂಪನಿಗೆ ತನ್ನ ವಾದ ಹೇಳಲು ಅವಕಾಶ ಕೊಟ್ಟಿರಲಿಲ್ಲ, ಪರೀಕ್ಷೆ ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ನಡೆದಿರಲಿಲ್ಲ ಎಂಬುದು ಅದರ ಕಾರಣ. ಮರುಪರೀಕ್ಷೆಯಲ್ಲಿ ಸೀಸ ಮಿತಿಯೊಳಗೇ ಕಂಡುಬಂದಿತು. ಇಷ್ಟು ದೊಡ್ಡ ವ್ಯಾಜ್ಯವೂ ಕೊನೆಗೆ ನಿಂತದ್ದು ಮಾದರಿಯ ಮೇಲೆ, ಅದನ್ನು ಪರೀಕ್ಷಿಸಿದ ಕ್ರಮದ ಮೇಲೆ. ಆಪಾದನೆ ಸುಳ್ಳಾದಾಗ ನಿರಪರಾಧಿಯನ್ನು ಉಳಿಸುವುದೂ ಅದೇ ಮಾದರಿಯೇ.

ಹಳ್ಳಿಯ ಪಂಕ್ತಿಯಲ್ಲಾಗುವುದೇನು? ಜನ ನರಳತೊಡಗಿದೊಡನೆ ಗಾಬರಿಯಿಂದ, ಕೆಲವೊಮ್ಮೆ ಮಾನಕ್ಕೆ ಅಂಜಿ, ಉಳಿದ ಅನ್ನವನ್ನು ಚೆಲ್ಲಿ ಪಾತ್ರೆ ತೊಳೆದುಬಿಡುತ್ತಾರೆ. ಅದರೊಂದಿಗೆ ಸತ್ಯವೂ ತೊಳೆದುಹೋಗುತ್ತದೆ. ಮೊದಲು ಮಾಡಬೇಕಾದುದು ಬಡಿಸುವುದನ್ನು ನಿಲ್ಲಿಸಿ, ಮನೆಗೆ ಕೊಂಡೊಯ್ದವರಿಗೂ ಉಣ್ಣಬೇಡಿರೆಂದು ಸಾರುವುದು. ಇದೇ ಪ್ರಸಾದದ ‘ಹಿಂಪಡೆಯುವಿಕೆ’. ಅನಂತರ ಉಳಿದ ಆಹಾರವನ್ನು ಮುಚ್ಚಿಟ್ಟು, ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು. ನೊಂದವರು ಆಸ್ಪತ್ರೆಯ ದಾಖಲೆ, ಔಷಧದ ರಸೀದಿಗಳನ್ನು ಕಾಪಾಡಿಕೊಳ್ಳಬೇಕು. ಕೊಂಡ ಪದಾರ್ಥವಾದರೆ ಕೊಂಡವನೇ ಶುಲ್ಕ ತೆತ್ತು ಅದನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು 40ನೆಯ ಕಲಮು ಅವಕಾಶ ಕೊಟ್ಟಿದೆ.

ಕೋಲಾರ, ಮಾಲೂರು, ಮುಳಬಾಗಿಲುಗಳ ಕಲ್ಯಾಣಮಂಟಪಗಳಲ್ಲಿ ಇಂದು ಅಡುಗೆಯವರನ್ನು ಗುತ್ತಿಗೆಗೆ ಕರೆಸುವುದೇ ರೂಢಿ. ಹಣ ಕೊಟ್ಟು ಪಡೆದ ಆಹಾರ, ಸೇವೆಗಳಿಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವೂ ಅನ್ವಯಿಸುತ್ತದೆ. ಹಣ ತೆತ್ತವನ ಸಮ್ಮತಿಯಿಂದ ಸೇವೆ ಪಡೆದವನೂ ಅದರ ದೃಷ್ಟಿಯಲ್ಲಿ ಗ್ರಾಹಕನೇ. ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಪೂರ್ಣ ಉಚಿತವಾಗಿ ಪ್ರಸಾದ ಪಡೆದವನಿಗೆ ಮಾತ್ರ ಈ ದಾರಿ ಸುಲಭವಲ್ಲ. ಆದ್ದರಿಂದಲೇ ಅವನ ವಿಷಯದಲ್ಲಿ ಟ್ರಸ್ಟಿನ ನೈತಿಕ ಹೊಣೆ ಇನ್ನೂ ಹೆಚ್ಚಿನದು.

ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವುದು, ಬೆಂದ ಆಹಾರದ ಕಾಲಮರ್ಯಾದೆಯನ್ನು ಮೀರದಿರುವುದು ಶ್ರಾವಕರ ಮನೆಗಳಲ್ಲಿ ಅಹಿಂಸೆಯ ಆಚರಣೆಗಳಾಗಿ ಬಂದಿವೆ. ಬೆಂದ ಅನ್ನವನ್ನು ಗಂಟೆಗಟ್ಟಲೆ ಉಗುರುಬೆಚ್ಚಗೆ ರಾಶಿಯಾಗಿಟ್ಟರೆ ಅದರಲ್ಲಿ ರೋಗಾಣುಗಳು ಬೆಳೆದು ವಿಷ ಉಂಟುಮಾಡುತ್ತವೆಂದೂ, ಅಂಥ ಕೆಲವು ವಿಷಗಳು ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲವೆಂದೂ ಇಂದಿನ ವಿಜ್ಞಾನ ಹೇಳುತ್ತದೆ. ಮನೆಯಲ್ಲಿ ಪಾಲಿಸುವ ಈ ಎಚ್ಚರವನ್ನು ನೂರಾರು ಜನರ ಪಂಕ್ತಿಯಲ್ಲಿ ಸಡಿಲಿಸುವುದು ಸರಿಯಲ್ಲ. ಆಹಾರದಾನವು ದಾನಗಳಲ್ಲಿ ಒಂದು, ಅಭಯದಾನವು ಇನ್ನೊಂದು. ಉಂಡವನು ನಿರ್ಭಯನಾಗಿ ಮನೆ ಸೇರಿದಾಗಲೇ ಮೊದಲನೆಯದು ಪೂರ್ಣವಾಗುತ್ತದೆ.