ಗೋಧಿಯೊಳಗಿನ ಕಳೆ

ಮೂತ್ರಪಿಂಡದಿಂದ ಹೊರಟು ಮೂತ್ರನಾಳದ ಗುಂಟ ಮೂತ್ರಕೋಶದವರೆಗೆ ಹಾಸಿರುವುದು ಒಂದೇ ಬಗೆಯ ಒಳಪೊರೆ. ಅಲ್ಲಿ ಒಂದು ಕಡೆ ಗಡ್ಡೆ ತೆಗೆದರೆ ಇನ್ನೊಂದು ಕಡೆ ಏಳುವುದುಂಟು. ಒಟ್ಟಿಗೇ ಎರಡು ಮೂರು ಕಡೆ ಕಾಣುವುದೂ ಉಂಟು. ನಮ್ಮ ಸೋದರಮಾವನಿಗೆ ಹೀಗಾದಾಗ, ಕೊಯ್ದು ತೆಗೆದ ಮೇಲೂ ವರ್ಷಗಟ್ಟಲೆ ನಳಿಕೆ ಹಾಕಿ ನೋಡುವುದೇಕೆಂದು ಮನೆಮಂದಿ ಬೇಸರಪಟ್ಟುಕೊಳ್ಳುತ್ತಿದ್ದರು. ಉತ್ತರ ಹುಡುಕುತ್ತ ಹೋದ ನಾನು ಒಂದು ವಿಚಿತ್ರ ಇತಿಹಾಸಕ್ಕೆ ಬಂದು ಮುಟ್ಟಿದೆ.

1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಗುರುತಿಸಿದ. ಮೈಯೊಳಗೆ ಸೇರಿದ ವಿಷ ಹೊರಗೆ ಹೋಗುವ ದಾರಿಯಲ್ಲಿ ಒಳಪೊರೆಯನ್ನೆಲ್ಲ ತೋಯಿಸಿಕೊಂಡು ಹೋಗುತ್ತದೆ. ಕೆಡುವುದು ಒಂದು ಮೂಲೆಯಲ್ಲ, ಇಡೀ ಹೊಲ. ಒಂದು ಗಡ್ಡೆಯಿಂದ ಉದುರಿದ ಕಣಗಳು ಕೆಳಗೆ ಹೋಗಿ ಬೇರೂರುವುದೂ ಇದೆ.

ಬಾಲ್ಕನ್ ಸೀಮೆಯಲ್ಲಿ ಈ ಹೊಲದ ಮಾತು ಉಪಮೆಯಾಗಿ ಉಳಿಯಲಿಲ್ಲ. ಡ್ಯಾನ್ಯೂಬಿನ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ ರೈತರ ಮೂತ್ರಪಿಂಡಗಳು ಮೆಲ್ಲಗೆ ಕುಗ್ಗುತ್ತಿದ್ದವು. ಅವರಲ್ಲಿ ಅನೇಕರಿಗೆ ಮೂತ್ರನಾಳದಲ್ಲೂ ಗಡ್ಡೆ. 1950ರ ದಶಕದಲ್ಲಿ ವೈದ್ಯರು ಇದನ್ನು ಬರೆದಿಟ್ಟರು. ಒಂದು ಮನೆಗೆ ಬಂದ ರೋಗ ಪಕ್ಕದ ಮನೆಗೆ ಬರುತ್ತಿರಲಿಲ್ಲ. ನೀರೇ, ಬೂಷ್ಟೇ, ವಂಶವೇ ಎಂದು ಎಲ್ಲವನ್ನೂ ಶಂಕಿಸಿದ್ದಾಯಿತು. 1969ರಲ್ಲಿ ಇವಿಚ್ ಎಂಬ ವಿಜ್ಞಾನಿ ಬೆರಳು ತೋರಿಸಿದ್ದು ಗೋಧಿ ಹೊಲದ ಒಂದು ಕಳೆಯತ್ತ. ಅದು ಅರಿಸ್ಟೊಲೋಕಿಯ ಕುಲದ ಗಿಡ. ಅದರ ಬೀಜ ಗೋಧಿಯೊಡನೆ ಹಿಟ್ಟಾಗಿ ರೊಟ್ಟಿಗೆ ಸೇರುತ್ತಿತ್ತು. ಆ ಮಾತಿಗೆ ಆಗ ಹೆಚ್ಚು ಕಿವಿಗೊಟ್ಟವರಿಲ್ಲ.

ಸಾಕ್ಷ್ಯ ಬಂದದ್ದು ಬೆಲ್ಜಿಯಮ್ಮಿನಿಂದ. 1990ರ ಸುಮಾರಿಗೆ ಅಲ್ಲಿ ಮೈ ಕರಗಿಸಲು ಕೊಟ್ಟ ಚೀನೀ ಮೂಲಿಕೆಯ ಪುಡಿಯಲ್ಲಿ ಇದೇ ಕುಲದ ಬೇರು ಸೇರಿಹೋಗಿತ್ತು. ಅನೇಕ ಹೆಂಗಸರ ಮೂತ್ರಪಿಂಡ ಕೆಟ್ಟಿತು. ಮುಂಜಾಗ್ರತೆಗೆಂದು 39 ಜನರ ಮೂತ್ರಪಿಂಡ, ಮೂತ್ರನಾಳಗಳನ್ನು ತೆಗೆಸಿದಾಗ 18 ಜನರಲ್ಲಿ ಕ್ಯಾನ್ಸರ್ ಇತ್ತೆಂದು 2000ದಲ್ಲಿ ಪ್ರಕಟವಾಯಿತು. 2007ರಲ್ಲಿ ಆರ್ಥರ್ ಗ್ರೋಲ್ಮನ್ ಮತ್ತು ಸಂಗಡಿಗರು ಬಾಲ್ಕನ್ ರೋಗಿಗಳ ಜೀವಕಣಗಳಲ್ಲೂ ಆ ಗಿಡದ ಆಮ್ಲದ ಗುರುತನ್ನು ತೋರಿಸಿದರು.

ಇದನ್ನೋದಿದಾಗ ನನ್ನ ಎದೆ ಧಸಕ್ಕೆಂದದ್ದು ಬೇರೆ ಕಾರಣಕ್ಕೆ. ನಮ್ಮ ಬೇಲಿಗಳ ಈಶ್ವರಿ ಬಳ್ಳಿಯೂ ಇದೇ ಕುಲದ್ದು. ಹಾವಿನ ವಿಷಕ್ಕೆಂದು ಅದರ ಬೇರು ತೇಯ್ದು ಕೊಟ್ಟವರು ನಮ್ಮ ಹಿರಿಯರು. ಅವರನ್ನು ಜರೆಯಲು ನನಗೆ ಮನಸ್ಸಿಲ್ಲ. ಈ ವಿಷ ತನ್ನ ಕೆಲಸ ತೋರಿಸಲು ಹಲವು ವರ್ಷ, ಕೆಲವೊಮ್ಮೆ ದಶಕಗಳನ್ನೇ ತೆಗೆದುಕೊಳ್ಳುತ್ತದೆ. ಅಂದು ಕುಡಿಸಿದ ಕೈಗೂ ಮುಂದೆಂದೋ ಏಳುವ ಗಡ್ಡೆಗೂ ನಂಟಿದೆಯೆಂದು ಒಬ್ಬ ನಾಟಿವೈದ್ಯನ ಆಯುಷ್ಯದ ಅನುಭವ ಹೇಗೆ ಹೇಳೀತು? ಅದಕ್ಕೆ ಊರೂರುಗಳ ಸಾವಿನ ಲೆಕ್ಕ ಬೇಕಾಯಿತು. ಆ ಲೆಕ್ಕ ಈಗ ನಮ್ಮ ಕೈಯಲ್ಲಿದೆ. ಬಳ್ಳಿ ಬೇಲಿಯ ಮೇಲಿರಲಿ, ಚಿಟ್ಟೆಗಳು ಅದರ ಮೇಲೆ ಮೊಟ್ಟೆಯಿಡಲಿ. ತೇಯುವ ಕಲ್ಲಿಗೆ ಮಾತ್ರ ಅದು ಬಾರದಿರಲಿ.