ಊರು ಯಾವುದು? : ಕಾಶಿಯ ಬಹಿ, ಖಾತೆ ಮತ್ತು ಎಣಿಕೆ

ಕಾಶಿಗೆ ಹೋದ ಯಾತ್ರಿಕನಿಗೆ ಘಟ್ಟದ ಮೆಟ್ಟಿಲ ಮೇಲೆ ಎದುರಾಗುವ ಮೊದಲ ಪ್ರಶ್ನೆ ಹೆಸರಿನದಲ್ಲ, ಊರಿನದು. ಊರು ಯಾವುದು, ಯಾವ ಜಿಲ್ಲೆ, ಯಾವ ಮನೆತನ ಎಂದು ತಿಳಿದ ಬಳಿಕವೇ ತೀರ್ಥಪುರೋಹಿತನು ತನ್ನ ಬಹಿಯನ್ನು ಬಿಚ್ಚುತ್ತಾನೆ. ಉದ್ದನೆಯ ಹಾಳೆಗಳನ್ನು ಹೊಲಿದು ಬಟ್ಟೆಯ ಹೊದಿಕೆ ಹಾಕಿದ ಆ ಪುಸ್ತಕದಲ್ಲಿ ಹಿಂದೆ ಬಂದುಹೋದವರ ಹೆಸರು, ಜೊತೆಗೆ ಬಂದವರು, ಯಾರ ಶ್ರಾದ್ಧಕ್ಕೆ ಬಂದರು ಎಂಬ ವಿವರಗಳು ಅವರದೇ ಸಹಿಯೊಂದಿಗೆ ಉಳಿದಿರುತ್ತವೆ. ಹರಿದ್ವಾರ, ಗಯಾಗಳಲ್ಲಿಯೂ ಇದೇ ಕ್ರಮ. ಅಜ್ಜನ ಕೈಬರಹವನ್ನು ಮೊಮ್ಮಗನು ಮೊದಲ ಬಾರಿಗೆ ಕಾಣುವುದು ಎಷ್ಟೋ ಸಲ ಇಂತಹ ಪುಟದಲ್ಲಿಯೇ.

ವಾಣಿಜ್ಯ ವಿದ್ಯಾರ್ಥಿಗಳು ‘ಮಾಹಿತಿ ವ್ಯವಸ್ಥೆ’ ಎಂಬ ವಿಷಯವನ್ನು ಓದುತ್ತಾರೆ. ದತ್ತಾಂಶವನ್ನು ಸಂಗ್ರಹಿಸುವುದು, ಸಂಸ್ಕರಿಸುವುದು, ಕಾದಿಡುವುದು, ಬೇಕಾದವರಿಗೆ ಬೇಕಾದಾಗ ಒದಗಿಸುವುದು. ಈ ನಾಲ್ಕು ಕೆಲಸಗಳಿಗಾಗಿ ಜನ, ನಿಯಮ ಮತ್ತು ಸಾಧನಗಳು ಕೂಡಿದರೆ ಅದು ಮಾಹಿತಿ ವ್ಯವಸ್ಥೆ. ಪಠ್ಯಪುಸ್ತಕಗಳಲ್ಲಿ ಈ ಮಾತಿನ ಪಕ್ಕದಲ್ಲಿ ಗಣಕಯಂತ್ರದ ಚಿತ್ರವಿರುತ್ತದೆ. ಆದುದರಿಂದ ಯಂತ್ರವೇ ವ್ಯವಸ್ಥೆಯೆಂದು ನಾವು ನಂಬಿಬಿಡುತ್ತೇವೆ. ಕಾಶಿಯ ಇತಿಹಾಸವನ್ನು ಓದಿದವರಿಗೆ ಈ ನಂಬಿಕೆ ಉಳಿಯಲಾರದು. ಪಂಡರ ಬಹಿಯಲ್ಲಿ ಯಂತ್ರವೊಂದನ್ನು ಬಿಟ್ಟು ಉಳಿದೆಲ್ಲವೂ ಇದೆ. ಊರು ಎಂಬುದೇ ಅಲ್ಲಿಯ ಸೂಚಿ. ಹೆಸರುಗಳು ಮರಳಿ ಮರಳಿ ಬರುತ್ತವೆ, ಊರು ಮತ್ತು ಮನೆತನ ಸೇರಿದರೆ ಹುಡುಕುವ ಹಾದಿ ಕಿರಿದಾಗುತ್ತದೆ.

ಅದೇ ನಗರದ ಇನ್ನೊಂದು ಬಹಿ ಮಹಾಜನರದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಬನಾರಸ್ ಉತ್ತರ ಭಾರತದ ಹಣಕಾಸಿನ ದೊಡ್ಡ ಕೇಂದ್ರಗಳಲ್ಲಿ ಒಂದಾಗಿತ್ತು. ಗೋಪಾಲ್ ದಾಸ್ ಮನೋಹರ್ ದಾಸ್ ಅವರ ಕೋಠಿಯಂತಹ ಮನೆತನಗಳು ಈಸ್ಟ್ ಇಂಡಿಯಾ ಕಂಪನಿಯ ಹಣವನ್ನೇ ಹುಂಡಿಗಳ ಮೂಲಕ ದೂರದ ಊರುಗಳಿಗೆ ಮುಟ್ಟಿಸುತ್ತಿದ್ದವು. ಕಂಡ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಗೊತ್ತಾದ ಅವಧಿಯ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಬೆಳ್ಳಿಯ ನಾಣ್ಯಗಳ ಚೀಲ ದಾರಿಯಲ್ಲಿ ಕಳ್ಳರ ಪಾಲಾಗಬಹುದು, ಹುಂಡಿಯ ಚೀಟಿಯಾದರೋ ತಕ್ಕವನ ಕೈ ಸೇರಿದರೆ ಮಾತ್ರ ಹಣವಾಗುತ್ತದೆ. ಹಾಗಾಗಿ ದಾರಿ ಸವೆಸುತ್ತಿದ್ದುದು ಹಣವಲ್ಲ, ಹಣದ ಸುದ್ದಿ. ದಿನದ ಲೆಕ್ಕಕ್ಕೆ ರೋಕಡ್ ಬಹಿ, ವ್ಯಕ್ತಿವಾರು ಲೆಕ್ಕಕ್ಕೆ ಖಾತಾ ಬಹಿ; ನಮ್ಮ ಕಡೆಯ ಹಳೆಯ ಅಂಗಡಿಗಳ ಖಿರ್ದಿ ಮತ್ತು ಖಾತೆಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಯಾವ ಊರಿನ ಯಾವ ಕೋಠಿಯ ಮಾತು ನಡೆಯುತ್ತದೆ, ಯಾರದು ಮುರಿದುಬಿದ್ದಿದೆ ಎಂಬ ತಿಳಿವಳಿಕೆಯೇ ಮಹಾಜನನ ನಿಜವಾದ ಬಂಡವಾಳ.

ಈ ಎರಡು ಬಹಿಗಳೂ ನಗರವು ತನಗಾಗಿ ತಾನೇ ಬರೆದುಕೊಂಡವು. ಕಂಪನಿಯ ಆಡಳಿತ ಬಂದ ಮೇಲೆ ಮೂರನೆಯದೊಂದು ಪುಸ್ತಕ ತೆರೆಯಿತು. ನಗರವನ್ನು ಹೊರಗಿನಿಂದ ಎಣಿಸುವ ಪುಸ್ತಕ ಅದು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಗರದ ಕೊತ್ವಾಲನ ಮೂಲಕ ನಡೆದ ಲೆಕ್ಕದಲ್ಲಿ ಬನಾರಸ್ಸಿನ ಜನಸಂಖ್ಯೆ 5,80,000ಕ್ಕೂ ಹೆಚ್ಚೆಂದು ಬಂದಿತು. ಯುರೋಪಿನ ಓದುಗರು ಬೆರಗಾದರು. 1820ರಲ್ಲಿ ಬನಾರಸ್ ಟಂಕಸಾಲೆಗೆ ಲೋಹಪರೀಕ್ಷಕನಾಗಿ ಬಂದ ಜೇಮ್ಸ್ ಪ್ರಿನ್ಸೆಪ್‌ನಿಗೆ ಈ ಅಂಕಿ ಒಪ್ಪಿಗೆಯಾಗಲಿಲ್ಲ. ಗ್ರೇನಿನ ಮೂರು ಸಾವಿರದಲ್ಲಿ ಒಂದು ಭಾಗವನ್ನು ತೂಗಬಲ್ಲ ತಕ್ಕಡಿಯನ್ನು ರಚಿಸಿದವನು ಆತ. ನಗರದ ನಕ್ಷೆಯನ್ನೂ ಬರೆದಿದ್ದ, ಚರಂಡಿಯ ಸುರಂಗವನ್ನೂ ಕಟ್ಟಿಸಿದ್ದ. 1828–29ರಲ್ಲಿ ಆತ ಮೊಹಲ್ಲಾವಾರು ಎಣಿಕೆ ನಡೆಸಿದಾಗ ಜನಸಂಖ್ಯೆ ಸುಮಾರು 1,80,000 ಎಂದು ಕಂಡಿತು. ಮೊದಲಿನ ಅಂಕಿಯ ಮೂರರಲ್ಲೊಂದು ಪಾಲೂ ಇಲ್ಲ.

ತಪ್ಪು ಎಲ್ಲಿತ್ತು? ಮನೆಗಳ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಮನೆಗಳು ಮೂವತ್ತು ಸಾವಿರದ ಆಸುಪಾಸು. ಆದರೆ ಮನೆಗೆ ಎಷ್ಟು ಅಂತಸ್ತು ಎಂಬುದನ್ನು ನೋಡಿ, ಇಷ್ಟು ಅಂತಸ್ತಿಗೆ ಇಷ್ಟು ಜನ ಎಂದು ಊಹಿಸಿ ಗುಣಿಸಿದ್ದರು. ಸರಾಸರಿ ತೆಗೆದರೆ ಮನೆಯೊಂದಕ್ಕೆ ಹತ್ತೊಂಬತ್ತು ಜನರಿಗಿಂತ ಹೆಚ್ಚಾಗುತ್ತಿತ್ತು. ದತ್ತಾಂಶ ಸರಿಯಾಗಿದ್ದು ನಿಯಮ ತಪ್ಪಾದರೆ ಫಲಿತಾಂಶ ಹೇಗೆ ಕೆಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ದೊರೆಯುವುದು ಕಷ್ಟ. ಅಂಕಿಯು ದೊಡ್ಡದಾಗಿದ್ದು, ಕೊನೆಯ ಸ್ಥಾನದವರೆಗೂ ಬರೆದಿದ್ದರೆ ನಾವು ಅದನ್ನು ನಿಖರವೆಂದು ಭಾವಿಸುತ್ತೇವೆ. ನಿಖರತೆಯೇ ಬೇರೆ, ಸತ್ಯವೇ ಬೇರೆ.

ಆದರೆ ಪ್ರಿನ್ಸೆಪ್‌ನ ಜಾಣ್ಮೆಯನ್ನು ಹೊಗಳಿ ಇಲ್ಲಿಗೆ ನಿಲ್ಲಿಸಿದರೆ ಕಥೆಯ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ. ಈ ಎರಡು ಎಣಿಕೆಗಳ ನಡುವೆ ಕಾಶಿಯಲ್ಲಿ ಇನ್ನೊಂದು ಘಟನೆ ನಡೆದಿತ್ತು. 1810ರಲ್ಲಿ ಸರ್ಕಾರ ಮನೆತೆರಿಗೆಯನ್ನು ವಿಧಿಸಿತು. ತೆರಿಗೆ ಹಾಕಲು ಮನೆಗಳ ಪಟ್ಟಿ ಬೇಕು, ಬೆಲೆಕಟ್ಟು ಬೇಕು. ಆ ವರ್ಷದ ಡಿಸೆಂಬರಿನಲ್ಲಿ ನಗರ ಕೆಲಸ ನಿಲ್ಲಿಸಿತು. ಅಂಗಡಿಗಳು ಮುಚ್ಚಿದವು, ಲೋಹಾರರು ಕುಲುಮೆ ಆರಿಸಿದರು, ಜನ ಮನೆಗಳನ್ನು ಬಿಟ್ಟು ಬಯಲಿನಲ್ಲಿ ಧರಣಿ ಕುಳಿತರು. ಧರಂಪಾಲ್ ಅವರು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ದಿನಗಳ ಸರ್ಕಾರಿ ಪತ್ರಗಳನ್ನೇ ಒಟ್ಟುಗೂಡಿಸಿ, ಅಸಹಕಾರವು ಈ ನೆಲಕ್ಕೆ ಹೊಸದಲ್ಲವೆಂದು ತೋರಿಸಿದರು. ಕೊನೆಗೆ ಸರ್ಕಾರ ಆ ತೆರಿಗೆಯನ್ನು ಕೈಬಿಟ್ಟಿತು.

ಕಾಶಿಯ ಜನಕ್ಕೆ ಬರೆಸಿಕೊಳ್ಳುವುದು ಹೊಸದಾಗಿರಲಿಲ್ಲ. ಪಂಡನ ಬಹಿಯಲ್ಲಿ, ಮಹಾಜನನ ಖಾತೆಯಲ್ಲಿ ಹೆಸರುಗಳು ತಲೆಮಾರುಗಳಿಂದ ಸೇರುತ್ತಲೇ ಇದ್ದವು. ಬರೆದದ್ದು ಯಾರಿಗಾಗಿ, ಅದರಿಂದ ಏನಾಗುತ್ತದೆ ಎಂಬ ಅರಿವು ಬರೆಸಿದವನಿಗೂ ಇತ್ತು. ಬಹಿಯಲ್ಲಿ ಸಹಿ ಮಾಡಿದವನು ತನ್ನ ಮೊಮ್ಮಗನಿಗೆ ಕಾಗದ ಬರೆದಂತೆ ಬರೆದ. ಮನೆತೆರಿಗೆಯ ಪಟ್ಟಿಯಲ್ಲಾದರೋ ಆತನ ಮನೆ ಸೇರಿತು, ಆತನ ಒಪ್ಪಿಗೆ ಸೇರಲಿಲ್ಲ.

ಇದೇ ನಗರದ ಜಂಗಮವಾಡಿ ಮಠ ಕನ್ನಡಿಗರಿಗೆ ಅಪರಿಚಿತವಲ್ಲ. ಅಕ್ಬರನ ಕಾಲದಿಂದ ಮೊಗಲ್ ಅರಸರು ಕೊಟ್ಟ ಭೂದಾನದ ಫರ್ಮಾನುಗಳನ್ನು ಆ ಮಠ ಕಾಪಾಡಿಕೊಂಡು ಬಂದಿದೆ. ಜಮೀನಿನ ಹಕ್ಕಿಗೆ ಆಧಾರವೆಂದು ಎತ್ತಿಟ್ಟ ಪರ್ಷಿಯನ್ ಕಾಗದಗಳು ಇಂದು ಮೊಗಲ್ ಆಡಳಿತದ ಚರಿತ್ರೆಕಾರರಿಗೆ ಆಕರಗಳಾಗಿವೆ. ಬರೆದವರು ನೆನೆಯದ ಉಪಯೋಗ ದಾಖಲೆಗೆ ಒದಗುವುದು ಹೀಗೆ. ಅದೇ ಕಾರಣಕ್ಕೆ, ಬರೆದವರು ನೆನೆಯದ ದುರುಪಯೋಗವೂ ಒದಗಬಹುದು.

ನಮ್ಮಂಥ ಕಚೇರಿಯ ನೌಕರರ ದಿನ ಕಳೆಯುವುದೇ ನಮೂನೆಗಳನ್ನು ತುಂಬಿಸುವುದರಲ್ಲಿ. ಕಿಟಕಿಯ ಆಚೆ ನಿಂತವರು ಒಮ್ಮೊಮ್ಮೆ, ‘ಇದೆಲ್ಲ ಯಾಕೆ ಸ್ವಾಮಿ ಬರಕೊಳ್ತೀರಿ?’ ಎಂದು ಕೇಳುತ್ತಾರೆ. ನಿಯಮವಿದೆ ಎಂದು ಹೇಳಿ ನಾವು ಮುಂದಿನ ಕಾಲಮ್ಮಿಗೆ ಹೋಗುತ್ತೇವೆ. ಮಾಹಿತಿ ವ್ಯವಸ್ಥೆಯ ಮೊದಲ ಪಾಠ ಆ ಪ್ರಶ್ನೆಯಲ್ಲಿಯೇ ಇದೆ ಎಂದು ಕಾಶಿಯ ಈ ಕಥೆ ನಮಗೆ ಹೇಳುತ್ತದೆ. ಉತ್ತರ ನಮಗೆ ಗೊತ್ತಿಲ್ಲವಾದರೆ ತಿಳಿದುಕೊಂಡು ಬಂದು ಹೇಳುವುದು ನಮ್ಮ ಕರ್ತವ್ಯ. ಊರು ಯಾವುದು ಎಂದು ಕೇಳುವ ಪಂಡನು, ಕೇಳಿದರೆ ಪುಟವನ್ನು ತಿರುಗಿಸಿ ನಮ್ಮ ಅಜ್ಜನ ಸಹಿಯನ್ನು ತೋರಿಸಬಲ್ಲನು. ನಾವು ಬರೆದುಕೊಂಡದ್ದನ್ನು ನಾವೂ ಹಾಗೆ ತಿರುಗಿಸಿ ತೋರಿಸಬಲ್ಲೆವೇ?