ಕವಿಗೊಂದು ಹಿತನುಡಿ: ಕವಿರಾಜಮಾರ್ಗದ ಪಾಠ

ಲಭ್ಯವಿರುವ ಕನ್ನಡ ಕೃತಿಗಳಲ್ಲಿ ಅತ್ಯಂತ ಪ್ರಾಚೀನವಾದುದು ‘ಕವಿರಾಜಮಾರ್ಗ’. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಆಸ್ಥಾನದಲ್ಲಿ, ಅವನ ಮತಕ್ಕೆ ಅನುಗುಣವಾಗಿ ಶ್ರೀವಿಜಯನು ರಚಿಸಿದ ಲಕ್ಷಣಗ್ರಂಥವಿದು. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡಿನ ವರ್ಣನೆಗಾಗಿ ಇದನ್ನು ನೆನೆಯುವುದು ವಾಡಿಕೆ. ದಂಡಿಯ ‘ಕಾವ್ಯಾದರ್ಶ’ಕ್ಕೆ ಇದರ ಋಣವೆಷ್ಟು ಎಂಬುದೂ ವಿದ್ವಾಂಸರ ಚರ್ಚೆಯ ವಿಷಯ. ಆದರೆ ಈ ಗ್ರಂಥ ಮೂಲತಃ ಬೆಳೆಯುತ್ತಿರುವ ಕವಿಗೆ ಹೇಳಿದ ಹಿತನುಡಿ. ಆ ದೃಷ್ಟಿಯಿಂದ ಓದಿದಾಗ ಇದರ ಶಾಸ್ತ್ರಕ್ಕೆ ಬೇರೊಂದು ಜೀವ ಬರುತ್ತದೆ.

ಪ್ರಥಮ ಪರಿಚ್ಛೇದದಲ್ಲಿ ಮಾರ್ಗಕಾರನು ಒಂದು ಸೋಪಾನವನ್ನು ಕಟ್ಟುತ್ತಾನೆ. ಮನಸ್ಸಿನಲ್ಲಿರುವುದನ್ನು ಇತರರಿಗೆ ತಿಳಿಯುವಂತೆ ಹೇಳಬಲ್ಲವನು ಮಾತು ಬಲ್ಲವನು. ಕಿರಿದರಲ್ಲಿ ಹಿರಿದಾದ ಅರ್ಥವನ್ನು ಹೊಮ್ಮಿಸಬಲ್ಲವನು ಅವನಿಗಿಂತ ನಿಪುಣ. ಮಾತನ್ನು ಛಂದಸ್ಸಿಗೆ ಹೊಂದಿಸಬಲ್ಲವನು ಇನ್ನೂ ಜಾಣ. ಎಡೆತಡೆಯಿಲ್ಲದೆ ಮಹಾಕೃತಿಗಳನ್ನು ರಚಿಸಬಲ್ಲವನು ಎಲ್ಲರಿಗಿಂತ ಬಲ್ಲವನು. ಛಂದಸ್ಸಿಗೆ ಇಲ್ಲಿ ದೊರೆತಿರುವುದು ಮೂರನೆಯ ಮೆಟ್ಟಿಲು. ಮೊದಲ ಮೆಟ್ಟಿಲು ಸ್ಪಷ್ಟತೆ. ಮಹಾಕಾವ್ಯದ ಹಂಬಲವುಳ್ಳವನೂ ಅಲ್ಲಿಂದಲೇ ಏರಬೇಕು.

ಎರಡನೆಯ ಪಾಠ ದೋಷವಿಚಾರಕ್ಕೆ ಸಂಬಂಧಿಸಿದುದು. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ವಿವೇಚನೆಯಿಲ್ಲದೆ ಒಂದೇ ಸಮಾಸದಲ್ಲಿ ಬೆರೆಸಿದರೆ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳು ಬಿದ್ದಂತೆ ಅದು ವಿರಸವಾಗುತ್ತದೆ ಎನ್ನುತ್ತಾನೆ. ಅರಿಸಮಾಸದ ನಿಷೇಧವನ್ನು ಸೂತ್ರವಾಗಿ ಕಲಿತವನು ಮರೆಯಬಹುದು. ಹಾಲು ಒಡೆಯುವುದನ್ನು ಕಂಡವನು ಮರೆಯಲಾರ. ಹಿತವಚನ ನೆನಪಿನಲ್ಲಿ ಉಳಿಯುವುದು ಹೀಗೆ.

ಮೂರನೆಯದು ಇನ್ನೂ ಉದಾರವಾದುದು. ದೋಷಗಳನ್ನು ಇಷ್ಟು ನಿಷ್ಠೆಯಿಂದ ನಿರೂಪಿಸುವ ಲಾಕ್ಷಣಿಕನೇ, ಕನ್ನಡದ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ದೋಷ ಇಂತಿಷ್ಟೇ ಎಂದು ನಿರ್ಣಯಿಸಲು ಹೊರಟರೆ ವಾಸುಕಿಯೂ ಬೇಸರಗೊಳ್ಳುವನು ಎನ್ನುತ್ತಾನೆ. ನಿಯಮ ಹೇಳುವವನು ನಿಯಮದ ಎಲ್ಲೆಯನ್ನೂ ತೋರಿಸುತ್ತಿದ್ದಾನೆ. ಹಾಗೆಂದು ಕವಿ ಸ್ವೇಚ್ಛಾಚಾರಿಯಾಗುವಂತಿಲ್ಲ. ಈ ನಾಡಿನವರು ಓದುಬರಹದ ಅಭ್ಯಾಸವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರು. ಚಿಕ್ಕ ಮಕ್ಕಳಿಗೂ ಮೂಕರಿಗೂ ವಿವೇಕವುಂಟು ಎಂದು ಅವನೇ ಸಾರುತ್ತಾನೆ. ಈ ಮಾತು ಜನರ ಹೊಗಳಿಕೆಯೂ ಹೌದು, ಕವಿಗೆ ಎಚ್ಚರಿಕೆಯೂ ಹೌದು. ಕೃತಿಯನ್ನು ತೂಗುವ ಕಿವಿಗಳು ವಿದ್ವತ್ಸಭೆಯ ಆಚೆಗೂ ಇವೆ.

ಈ ವಿವೇಕದ ಸಮೀಪದ ಮಾತನ್ನು ನಾವು ಮತ್ತೆ ಕೇಳುವುದು ಪಂಪನಲ್ಲಿ. 941ರ ‘ವಿಕ್ರಮಾರ್ಜುನವಿಜಯ’ದ ಆರಂಭದಲ್ಲಿ ಅವನು ಕಾವ್ಯದ ಬಗೆ ಹೊಸತಾಗಿರಬೇಕು, ಬಂಧ ಮೃದುವಾಗಿರಬೇಕು, ಅದು ದೇಸಿಯನ್ನು ಹೊಕ್ಕು ಮಾರ್ಗದೊಡನೆ ಬೆರೆಯಬೇಕು ಎನ್ನುತ್ತಾನೆ. ಅಂಥ ಕಾವ್ಯ ಅವನಿಗೆ ಸುಗ್ಗಿಯಲ್ಲಿ ತಳಿರು ಹೂಗಳಿಂದ ತುಂಬಿದ ಎಳಮಾವಿನಂತೆ ಕಾಣುತ್ತದೆ. ಮಾರ್ಗಕಾರನು ಬೆರಸಬೇಡವೆಂದ, ಪಂಪನು ಬೆರಸೆಂದ ಎಂದು ಇವರನ್ನು ಎದುರಾಳಿಗಳಾಗಿ ನಿಲ್ಲಿಸುವುದು ಸರಿಯಲ್ಲ. ಮೊದಲನೆಯವನು ಬೇಡವೆಂದದ್ದು ಅವಿವೇಕದ ಬೆರಕೆಯನ್ನು, ಸಂಸ್ಕೃತಪದಗಳ ಬಳಕೆಯನ್ನಲ್ಲ. ಒಬ್ಬನು ಹಾಲು ಒಡೆಯದಂತೆ ಕಾಯುವುದನ್ನು ಕಲಿಸಿದ. ಇನ್ನೊಬ್ಬನು ಮಾವು ಚಿಗುರುವ ಸಂತೋಷವನ್ನು ತೋರಿಸಿದ. ಲಕ್ಷಣಗ್ರಂಥಗಳನ್ನು ಪರೀಕ್ಷೆಗಾಗಿ ದೋಷಗಳ ಪಟ್ಟಿಯೆಂದಷ್ಟೇ ಓದುವ ವಿದ್ಯಾರ್ಥಿಗೆ ಈ ಎರಡನೆಯ ಲಾಭ ದೊರೆಯುವುದಿಲ್ಲ.